ನೆರೆ ದೇಶದ ಮಾಲು, ರಿಯಾಯಿತಿ ಸುಂಕ: ಮುಂಬಯಿಯ ನಮ್ಮ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಾಶಿ ಮಸಾಲಾ ಮಾರ್ಕೆಟ್ಟಿನಲ್ಲಿ ಮಳಿಗೆ ಇರುವವರು, ಡೊಂಬಿವಲಿಯಲ್ಲಿ ಕಿರಾಣಿ ನಡೆಸುವವರು, ಮಾಟುಂಗಾದಿಂದ ಮೀರಾ ರೋಡಿನ ತನಕ ಹೋಟೆಲುಗಳಿಗೆ ಸಾಮಾನು ಹಾಕುವವರು, ಹೀಗೆ ನಮ್ಮ ಕನ್ನಡದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದವನು. ಕಾನೂನು ಪುಸ್ತಕದ ಭಾಷೆ ಬಿಟ್ಟು, ನಾವು ಮಾತಾಡುವ ಭಾಷೆಯಲ್ಲೇ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸುಂಕದ ದರ, ಆಮದಿನ ಷರತ್ತು ಒಂದು ಅಧಿಸೂಚನೆಯಲ್ಲಿ ರಾತ್ರೋರಾತ್ರಿ ಬದಲಾಗುತ್ತದೆ. ಆರ್ಡರ್ ಕೊಡುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ರಿಯಾಯಿತಿ ಸುಂಕದ ಒಪ್ಪಂದ ಅಂದ್ರೆ ಏನು?

ವಿಶ್ವ ವ್ಯಾಪಾರ ಸಂಸ್ಥೆಯ ಮೂಲ ನಿಯಮದ ಪ್ರಕಾರ ಎಲ್ಲ ಸದಸ್ಯ ದೇಶಗಳ ಮಾಲಿಗೂ ಒಂದೇ ಸುಂಕ ಹಾಕಬೇಕು. ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ ಮಾಡುವ ಹಾಗಿಲ್ಲ. ಆದರೆ ಇದಕ್ಕೆ ವಿನಾಯಿತಿ ಇದೆ. ಎರಡು ಅಥವಾ ಹೆಚ್ಚು ದೇಶಗಳು ಒಪ್ಪಂದ ಮಾಡಿಕೊಂಡು ತಮ್ಮೊಳಗೆ ಮಾತ್ರ ಸುಂಕ ಇಳಿಸಬಹುದು. ಅಭಿವೃದ್ಧಿಶೀಲ ದೇಶಗಳಿಗೆ 1979ರಿಂದ ಇದರಲ್ಲಿ ಇನ್ನೂ ಸಡಿಲ ಸಿಕ್ಕಿದೆ.

ಕೆಲವು ವಸ್ತುಗಳಿಗೆ ಮಾತ್ರ ಸುಂಕ ಕಡಿಮೆ ಮಾಡಿದರೆ ಅದು ರಿಯಾಯಿತಿ ಒಪ್ಪಂದ. ಹೆಚ್ಚುಕಡಿಮೆ ಎಲ್ಲದಕ್ಕೂ ಸುಂಕ ತೆಗೆದರೆ ಮುಕ್ತ ವ್ಯಾಪಾರ ಒಪ್ಪಂದ. ಮಾಲು ಬಿಡಿಸುವವರಿಗೆ ಈ ವ್ಯತ್ಯಾಸ ಅಷ್ಟು ಮುಖ್ಯ ಅಲ್ಲ. ಕಸ್ಟಮ್ಸ್‌ನವರು ಪ್ರತಿ ವಸ್ತುವಿಗೂ ಕೊಡುವ ಎಂಟು ಅಂಕಿಯ ಕೋಡ್ ಇದೆ. ನಿಮ್ಮ ವಸ್ತುವಿನ ಕೋಡ್ ಒಪ್ಪಂದದ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಅದೇ ಮುಖ್ಯ.

ನಮ್ಮ ಅಕ್ಕಪಕ್ಕದ ದೇಶಗಳ ಜೊತೆ ಯಾವ ಯಾವ ಒಪ್ಪಂದ ಇದೆ?

ದೊಡ್ಡದು ಸಾಫ್ಟಾ, ಅಂದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ. ಇದು ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕಿನ ಸದಸ್ಯರ ನಡುವಿನದು. 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಸಹಿ ಆಗಿ 2006ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು ಸಾಪ್ಟಾ, ಅಂದರೆ ದಕ್ಷಿಣ ಏಷ್ಯಾ ರಿಯಾಯಿತಿ ವ್ಯಾಪಾರ ಒಪ್ಪಂದ ಇತ್ತು. 1993ರಲ್ಲಿ ಸಹಿ, 1995ರಲ್ಲಿ ಜಾರಿ. ಅದರಲ್ಲಿ ಒಂದೊಂದೇ ವಸ್ತು ಹಿಡಿದು ಚೌಕಾಸಿ ಮಾಡುತ್ತಿದ್ದರು.

ಶ್ರೀಲಂಕಾ ಜೊತೆ ಬೇರೆಯೇ ಒಪ್ಪಂದ ಇದೆ. 1998ರ ಡಿಸೆಂಬರಿನಲ್ಲಿ ಸಹಿ ಆಗಿ 2000ದ ಮಾರ್ಚ್ 1ರಿಂದ ನಡೆಯುತ್ತಿದೆ. ನೇಪಾಳದ ಜೊತೆ ವ್ಯಾಪಾರ ಸಂಧಿ ಇದೆ, ಈಗಿನದು 2009ರದ್ದು, ಏಳು ವರ್ಷಕ್ಕೊಮ್ಮೆ ಮುಂದುವರಿಯುತ್ತದೆ. ಭೂತಾನದ ಜೊತೆ 1972ರಿಂದ ಸುಂಕವಿಲ್ಲದ ವ್ಯಾಪಾರ. ಅಫ್ಘಾನಿಸ್ತಾನದ ಜೊತೆ 2003ರ ಒಪ್ಪಂದ.

ಇವೆಲ್ಲದರ ಪಕ್ಕದಲ್ಲಿ ಆಪ್ಟಾ, ಅಂದರೆ ಏಷ್ಯಾ-ಪೆಸಿಫಿಕ್ ವ್ಯಾಪಾರ ಒಪ್ಪಂದ ಅಂತ ಒಂದಿದೆ. 1975ರಲ್ಲಿ ಬ್ಯಾಂಕಾಕ್ ಒಪ್ಪಂದ ಅಂತ ಶುರುವಾಗಿದ್ದು. ಇದರಲ್ಲಿ ಚೀನಾ ಕೂಡ ಸದಸ್ಯ. ಚೀನಾದ ಕೆಲವು ಮಾಲಿಗೆ ಸ್ವಲ್ಪ ಸುಂಕ ರಿಯಾಯಿತಿ ಇದೆ ಅಂದರೆ ನಮ್ಮ ವ್ಯಾಪಾರಿಗಳು ನಂಬುವುದೇ ಇಲ್ಲ. ನಿಜವಾಗಿ ಇದೆ. ರಿಯಾಯಿತಿ ಸಣ್ಣದು, ಅಷ್ಟೆ.

ರಿಯಾಯಿತಿಯಿಂದ ಕೈಗೆ ಎಷ್ಟು ಉಳಿಯುತ್ತದೆ?

ಇಲ್ಲಿ ತುಂಬಾ ಜನ ತಪ್ಪು ಲೆಕ್ಕ ಹಾಕುತ್ತಾರೆ. ಒಪ್ಪಂದದಲ್ಲಿ ಇಳಿಯುವುದು ಮೂಲ ಕಸ್ಟಮ್ಸ್ ಸುಂಕ ಮಾತ್ರ. ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ, ಕಟ್ಟಲೇಬೇಕು.

ಒಂದು ಲಕ್ಷ ರೂಪಾಯಿ ಬೆಲೆಯ ಮಾಲು, ಮೂಲ ಸುಂಕ ಶೇ 30, ಐಜಿಎಸ್‌ಟಿ ಶೇ 5 ಅಂತ ಇಟ್ಟುಕೊಳ್ಳಿ. ರಿಯಾಯಿತಿ ಇಲ್ಲದಿದ್ದರೆ ಸುಂಕ 30,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, 3,000. ಮೂರನ್ನೂ ಕೂಡಿಸಿ 1,33,000ದ ಮೇಲೆ ಐಜಿಎಸ್‌ಟಿ 6,650. ಒಟ್ಟು 39,650. ಒಪ್ಪಂದದಲ್ಲಿ ಸುಂಕ ಸೊನ್ನೆ ಆದರೆ ಸರ್ಚಾರ್ಜೂ ಸೊನ್ನೆ. ಒಂದು ಲಕ್ಷದ ಮೇಲೆ ಐಜಿಎಸ್‌ಟಿ 5,000 ಮಾತ್ರ.

ಐಜಿಎಸ್‌ಟಿ ಹೇಗೂ ನಿಮಗೆ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಹಾಗಾಗಿ ನಿಜವಾದ ಉಳಿತಾಯ 33,000. ಇಷ್ಟು ದೊಡ್ಡ ಅಂತರ ಇರುವುದರಿಂದಲೇ ಸುಳ್ಳು ಕಾಗದದ ಆಸೆ ಹುಟ್ಟುವುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಒಂದೇ ದೇಶಕ್ಕೆ ಎರಡು ಮೂರು ಒಪ್ಪಂದ ಇದ್ದರೆ ಯಾವುದನ್ನು ಹಿಡಿಯಬೇಕು?

ನಿಮಗೆ ಲಾಭ ಇರುವುದನ್ನು. ಶ್ರೀಲಂಕಾದ ಮಾಲು ದ್ವಿಪಕ್ಷೀಯ ಒಪ್ಪಂದದಲ್ಲೂ ಬರಬಹುದು, ಸಾಫ್ಟಾದಲ್ಲೂ ಬರಬಹುದು, ಆಪ್ಟಾದಲ್ಲೂ ಬರಬಹುದು. ಮೂರಕ್ಕೂ ದರ ಬೇರೆ, ಷರತ್ತು ಬೇರೆ, ಮಾಲು ಯಾವ ದೇಶದ್ದು ಅಂತ ಹೇಳುವ ಮೂಲದ ಸರ್ಟಿಫಿಕೇಟಿನ ನಮೂನೆಯೂ ಬೇರೆ. ಒಂದು ಒಪ್ಪಂದದ ಸರ್ಟಿಫಿಕೇಟ್ ತಂದು ಇನ್ನೊಂದರ ದರ ಕೇಳಿದರೆ ಆಗುವುದಿಲ್ಲ. ಕಳಿಸುವವನಿಗೆ ಆರ್ಡರ್ ಕೊಡುವಾಗಲೇ ಯಾವ ಸರ್ಟಿಫಿಕೇಟ್ ಬೇಕು ಅಂತ ಇಮೇಲಿನಲ್ಲಿ ಬರೆದು ಹೇಳಿ. ಹಡಗು ಹೊರಟ ಮೇಲೆ ಹೇಳಿದರೆ ಕಷ್ಟ.

ಶ್ರೀಲಂಕಾದಿಂದ ಬಂದದ್ದೆಲ್ಲ ಶ್ರೀಲಂಕಾದ ಮಾಲೇ ಅಲ್ವಾ?

ಅಲ್ಲ. ಈ ಇಡೀ ವಿಷಯದ ಜೀವ ಇಲ್ಲಿದೆ. ಎಲ್ಲಿಂದ ಹಡಗು ಹತ್ತಿತು ಅನ್ನುವುದು ಒಂದು, ಎಲ್ಲಿ ಹುಟ್ಟಿತು ಅನ್ನುವುದು ಬೇರೆ. ರಿಯಾಯಿತಿ ಸಿಗುವುದು ಹುಟ್ಟಿಗೆ.

ಬೆಳೆದ ಪದಾರ್ಥ ಆದರೆ ಸುಲಭ. ಅಲ್ಲೇ ಬೆಳೆದು ಅಲ್ಲೇ ಕೊಯ್ದಿರಬೇಕು. ಕಾರ್ಖಾನೆಯ ಮಾಲು ಆದರೆ ಲೆಕ್ಕ ಬೇಕು. ಭಾರತ–ಶ್ರೀಲಂಕಾ ಒಪ್ಪಂದದಲ್ಲಿ ಕನಿಷ್ಠ ಶೇ 35 ಮೌಲ್ಯ ಅಲ್ಲೇ ಸೇರಿರಬೇಕು. ಅವರು ಭಾರತದ ಕಚ್ಚಾ ಮಾಲನ್ನೇ ಬಳಸಿದ್ದರೆ ಅವರದ್ದು ಶೇ 25 ಇದ್ದರೂ ಸಾಕು, ಎರಡೂ ಸೇರಿ ಶೇ 35 ಆಗಬೇಕು. ಸಾಫ್ಟಾದಲ್ಲಿ ಸಾಮಾನ್ಯವಾಗಿ ಶೇ 40, ಶ್ರೀಲಂಕಾಕ್ಕೆ ಶೇ 35, ಬಾಂಗ್ಲಾದೇಶ, ನೇಪಾಳದಂಥ ಹಿಂದುಳಿದ ದೇಶಗಳಿಗೆ ಶೇ 30. ಅದರ ಜೊತೆಗೆ ಕಚ್ಚಾ ಮಾಲಿನ ಕೋಡಿಗೂ ತಯಾರಾದ ಮಾಲಿನ ಕೋಡಿಗೂ ಮೊದಲ ನಾಲ್ಕು ಅಂಕಿ ಬದಲಾಗಿರಬೇಕು.

ಸುಮ್ನೆ ಗೋಣಿ ಬದಲಿಸಿದರೆ, ಜರಡಿ ಹಿಡಿದರೆ, ಒಣಗಿಸಿದರೆ, ಲೇಬಲ್ ಅಂಟಿಸಿದರೆ ಮೂಲ ಬದಲಾಗುವುದಿಲ್ಲ. ವಿಯೆಟ್ನಾಮಿನ ಕಾಳುಮೆಣಸನ್ನು ಕೊಲಂಬೊದಲ್ಲಿ ಗಾಳಿಗೆ ತೂರಿ ಹೊಸ ಚೀಲಕ್ಕೆ ತುಂಬಿದರೂ ಅದು ವಿಯೆಟ್ನಾಮಿನ ಮೆಣಸೇ.

ಊರಲ್ಲಿ ನಮ್ಮಣ್ಣ ಮೆಣಸು ಬೆಳೆಯುತ್ತಾನೆ. "ನಿಮ್ಮ ಮುಂಬಯಿಯವರೇ ಹೊರಗಿನ ಮೆಣಸು ತಂದು ನಮ್ಮ ದರ ಕೆಡಿಸಿದ್ದು" ಅಂತಾನೆ. ನಿಜವಾ?

ಈ ಪ್ರಶ್ನೆ ನನಗೆ ಮಡಿಕೇರಿಯಿಂದಲೂ ಬಂದಿದೆ, ಮೂಡಿಗೆರೆಯಿಂದಲೂ ಬಂದಿದೆ. ಅರ್ಧದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ.

ಭಾರತದಲ್ಲಿ ಮೆಣಸಿಗೆ ಮೂಲ ಸುಂಕ ಶೇ 70. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದಡಿ ವಿಯೆಟ್ನಾಮಿನಿಂದ ನೇರವಾಗಿ ತಂದರೂ ಶೇ 50. ಸಾಫ್ಟಾದಲ್ಲಿ ಶ್ರೀಲಂಕಾದ ಮೆಣಸಿಗೆ ಶೇ 8. ದ್ವಿಪಕ್ಷೀಯ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ತನಕ ಸೊನ್ನೆ. ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿನ ಮಾಲು ಕೊಲಂಬೊ ದಾರಿ ಹಿಡಿಯುವುದಕ್ಕೆ ಬೇರೆ ಕಾರಣ ಬೇಕಾಗಿಲ್ಲ.

ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ವರ್ಷಗಟ್ಟಲೆ ಇದನ್ನೇ ಹೇಳಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಅದಕ್ಕಿಂತ ಕಡಿಮೆ ಬೆಲೆಯ ಮೆಣಸನ್ನು ದೇಶದೊಳಗೆ ಮಾರಲು ತರುವ ಹಾಗಿಲ್ಲ. ಅರೆದು, ಎಣ್ಣೆ ತೆಗೆದು ರಫ್ತು ಮಾಡುವವರಿಗೆ ಆಮೇಲೆ ವಿನಾಯಿತಿ ಕೊಟ್ಟರು.

ನನ್ನ ಅಭಿಪ್ರಾಯ ಹೇಳುತ್ತೇನೆ. ಅಣ್ಣನ ಸಿಟ್ಟು ನ್ಯಾಯವಾದದ್ದು. ಆದರೆ ಅದು ಒಪ್ಪಂದದ ಮೇಲೆ ಹೋಗಬಾರದು. ಶ್ರೀಲಂಕಾದ ಮಾತಲೆ ಕಡೆ ಮೆಣಸು ಬೆಳೆಯುವವರು ನಮ್ಮ ಮಲೆನಾಡಿನವರಂಥದೇ ಸಣ್ಣ ರೈತರು. ಅವರು ಬೆಳೆದ 2,500 ಟನ್ನಿನಿಂದ ನಮ್ಮ ಮಾರುಕಟ್ಟೆ ಮುಳುಗುವುದಿಲ್ಲ. ಮುಳುಗಿಸುವುದು ಅವರ ಹೆಸರು ಹೊತ್ತು ಬರುವ ಬೇರೆಯವರ ಮಾಲು. ಸುಳ್ಳು ಮೂಲದಿಂದ ಮಡಿಕೇರಿಯವನಿಗೂ ನಷ್ಟ, ಮಾತಲೆಯವನಿಗೂ ನಷ್ಟ. 500 ರೂಪಾಯಿ ಗೋಡೆ ಕಟ್ಟಿದ ಮೇಲೆ ಪ್ರಾಮಾಣಿಕವಾಗಿ ಬೆಳೆದು ಕಳಿಸುವ ಲಂಕಾದ ರೈತನಿಗೂ ಬಾಗಿಲು ಕಿರಿದಾಯಿತು. ವಾಶಿಯಲ್ಲಿ ಕೂತ ನಾವು "ಕಾಗದ ಸರಿ ಇತ್ತು, ನಮಗೇನು" ಅಂತ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅಡಿಕೆ ಕಥೆಯೂ ಇದೇನಾ?

ಬಹುಮಟ್ಟಿಗೆ. ಅಡಿಕೆಗೆ ಮೂಲ ಸುಂಕ ಶೇ 100. ಅದರ ಮೇಲೆ ಕನಿಷ್ಠ ಆಮದು ಬೆಲೆ ಕಿಲೋಗೆ 251 ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಇಂಡೊನೇಷ್ಯಾದ ಅಡಿಕೆ ನೆರೆಯವರ ಹೆಸರಲ್ಲಿ ಬರುತ್ತದೆ ಅನ್ನುವ ದೂರು ಹಳೆಯದು. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆ ಇಲ್ಲದೆ ಜೈಗಾಂವ್ ಗಡಿಯಿಂದ ತರಲು ಒಪ್ಪಿದಾಗ ಶಿವಮೊಗ್ಗ, ಉತ್ತರ ಕನ್ನಡದಲ್ಲಿ ದೊಡ್ಡ ಗದ್ದಲ ಆಯಿತು. ಹಸಿ ಅಡಿಕೆ ಒಣಗಿದರೆ ತೂಕ ಎಷ್ಟೋ ಪಾಲು ಇಳಿಯುತ್ತದೆ, ಹಾಗಾಗಿ ಆ ಅಂಕಿಯನ್ನು ಕೆಂಪಡಿಕೆಯ ಲೆಕ್ಕದಲ್ಲಿ ಓದಬಾರದು. ಮುಂಬಯಿಯಲ್ಲಿ ಅಡಿಕೆ ಆಮದು ಮಾಡುತ್ತೇನೆ ಅನ್ನುವ ಹೊಸಬರಿಗೆ ನನ್ನ ಸಲಹೆ ಒಂದೇ: ಬೇಡ.

ನೇಪಾಳದ ಸೋಯಾ ಎಣ್ಣೆ ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ?

2024ರ ಸೆಪ್ಟೆಂಬರ್ 14ರಂದು ಭಾರತ ಖಾದ್ಯ ತೈಲದ ಸುಂಕ ಏರಿಸಿತು. ಶುದ್ಧೀಕರಿಸಿದ ಎಣ್ಣೆಯ ಮೂಲ ಸುಂಕ ಶೇ 12.5ರಿಂದ 32.5ಕ್ಕೆ ಹೋಯಿತು. ಆದರೆ ಸಾಫ್ಟಾದಲ್ಲಿ ನೇಪಾಳದ ಎಣ್ಣೆಗೆ ಸೊನ್ನೆ. ನೇಪಾಳ ಕಚ್ಚಾ ಎಣ್ಣೆಯನ್ನು ಹೊರದೇಶದಿಂದ ತರಿಸಿ, ಶುದ್ಧೀಕರಿಸಿ ನಮಗೆ ಕಳಿಸುತ್ತದೆ. ಶೇ 30 ಮೌಲ್ಯ ನಿಜಕ್ಕೂ ಅಲ್ಲಿ ಸೇರಿದೆಯಾ ಅನ್ನುವುದೇ ಜಗಳ.

ಇದು ಹೊಸದಲ್ಲ. 2000ದ ಸುಮಾರಿಗೆ ವನಸ್ಪತಿಯಲ್ಲಿ ಇದೇ ಆಟ ನಡೆದಿತ್ತು. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆ ಶ್ರೀಲಂಕಾ, ನೇಪಾಳದಲ್ಲಿ ವನಸ್ಪತಿಯಾಗಿ ಇಲ್ಲಿಗೆ ಬರುತ್ತಿತ್ತು. ಕೊನೆಗೆ ನೇಪಾಳಕ್ಕೆ ವರ್ಷಕ್ಕೆ ಒಂದು ಲಕ್ಷ ಟನ್, ಶ್ರೀಲಂಕಾಕ್ಕೆ ಎರಡೂವರೆ ಲಕ್ಷ ಟನ್ ಅಂತ ಮಿತಿ ಹಾಕಿದರು. ಭಾರತ ತಾಳೆ ಎಣ್ಣೆಯ ಸುಂಕ ಇಳಿಸಿದ ಮೇಲೆ ಲಂಕಾದ ಆ ಕಾರ್ಖಾನೆಗಳಿಗೆ ಕೆಲಸವೇ ಇಲ್ಲದಾಯಿತು. ಸುಂಕದ ಅಂತರವನ್ನೇ ನಂಬಿ ಕಟ್ಟಿದ ವ್ಯಾಪಾರ ಆ ಅಂತರ ಇರುವಷ್ಟು ದಿನ ಮಾತ್ರ.

ಸರ್ಟಿಫಿಕೇಟ್ ಕೈಯಲ್ಲಿದ್ದರೆ ಸಾಕಲ್ವಾ?

2020ರ ಮೊದಲು ಹೆಚ್ಚುಕಡಿಮೆ ಸಾಕಿತ್ತು. ಈಗ ಸಾಲದು. ಆ ವರ್ಷ ಕಸ್ಟಮ್ಸ್ ಕಾಯಿದೆಗೆ 28ಡಿಎ ಅನ್ನುವ ಕಲಮು ಸೇರಿತು. ಸೆಪ್ಟೆಂಬರ್ 21ರಿಂದ ಮಾಲಿನ ಮೂಲ ಪರಿಶೀಲಿಸುವ ಕರೋಟಾರ್ ನಿಯಮಗಳು ಜಾರಿಗೆ ಬಂದವು. ಮೂಲ ಸರಿ ಇದೆ ಅಂತ ತೋರಿಸುವ ಜವಾಬ್ದಾರಿ ಈಗ ಆಮದು ಮಾಡುವವನ ತಲೆ ಮೇಲೆ. 2024ರ ಜುಲೈ ಬಜೆಟ್ಟಿನಲ್ಲಿ ಕಾಯಿದೆಯ ಮಾತನ್ನೇ ಬದಲಿಸಿ "ಮೂಲದ ಸರ್ಟಿಫಿಕೇಟ್" ಇದ್ದ ಕಡೆ "ಮೂಲದ ಪುರಾವೆ" ಅಂತ ಮಾಡಿದರು.

ನೀವು ಏನು ಮಾಡಬೇಕು? ನಿಯಮದ ಜೊತೆ ಫಾರ್ಮ್ 1 ಇದೆ. ಅದರಲ್ಲಿ ಕೇಳಿದ ವಿವರ ಮಾಲು ಬರುವ ಮೊದಲೇ ನಿಮ್ಮ ಹತ್ತಿರ ಇರಬೇಕು: ಯಾರು ಬೆಳೆದರು ಅಥವಾ ತಯಾರಿಸಿದರು, ಕಚ್ಚಾ ಮಾಲು ಎಲ್ಲಿಯದು, ಮೌಲ್ಯ ಎಷ್ಟು ಸೇರಿತು, ಹೇಗೆ ಲೆಕ್ಕ ಹಾಕಿದರು. ಅದನ್ನು ಐದು ವರ್ಷ ಜೋಪಾನ ಮಾಡಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು. ಅನುಮಾನ ಬಂದರೆ ಅವರು ಸರ್ಟಿಫಿಕೇಟ್ ಕೊಟ್ಟ ದೇಶಕ್ಕೇ ಬರೆದು ಕೇಳಬಹುದು, ಅದಕ್ಕೂ ಐದು ವರ್ಷ ಅವಕಾಶ. ಅಂದರೆ ಇವತ್ತು ಬಿಡಿಸಿದ ಲವಂಗದ ಲೆಕ್ಕ, ಆ ಲವಂಗ ಯಾರದೋ ಮಸಾಲೆಯಲ್ಲಿ ಕರಗಿ ಹೋದ ಎಷ್ಟೋ ವರ್ಷದ ಮೇಲೂ ತೆರೆಯಬಹುದು. ಸುಳ್ಳು ಅಂತಾದರೆ ಬಿಟ್ಟುಹೋದ ಸುಂಕ, ಬಡ್ಡಿ, ದಂಡ, ಮೂರೂ ಬರುತ್ತದೆ.

ಸುಳ್ಳೇನೂ ಇಲ್ಲದೆ ಬರೀ ಅಜಾಗ್ರತೆಯಿಂದ ರಿಯಾಯಿತಿ ಕಳೆದುಕೊಳ್ಳುವವರೂ ಇದ್ದಾರೆ. ನನ್ನ ಮೇಜಿಗೆ ಬರುವ ಸರ್ಟಿಫಿಕೇಟನ್ನು ನಾನು ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸಾಗಣೆ ಪತ್ರ) ಜೊತೆ ಇಟ್ಟು ಅಕ್ಷರ ಅಕ್ಷರ ಓದುತ್ತೇನೆ. ಇನ್‌ವಾಯ್ಸ್ ನಂಬರಿನಲ್ಲಿ ಇಂಗ್ಲಿಷಿನ ಬಿ ಇರುವ ಕಡೆ 8 ಬಿದ್ದಿರುತ್ತದೆ. ಒಟ್ಟು ತೂಕದ ಕಲಂನಲ್ಲಿ ಗೋಣಿ ಬಿಟ್ಟು ನಿವ್ವಳ ತೂಕ ಬರೆದಿರುತ್ತಾರೆ. ತಾರೀಖನ್ನು ಪೆನ್ನಿನಲ್ಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕದೆ ಬಿಟ್ಟಿರುತ್ತಾರೆ. ಹೀಗೆ ದೃಢೀಕರಣ ಇಲ್ಲದೆ ತಿದ್ದಿದ, ಪೂರ್ತಿ ತುಂಬದ, ಅವಧಿ ಮುಗಿದ ಸರ್ಟಿಫಿಕೇಟನ್ನು ಅಧಿಕಾರಿ ಯಾರನ್ನೂ ಕೇಳದೆ "ಅನ್ವಯಿಸುವುದಿಲ್ಲ" ಅಂತ ಗುರುತು ಹಾಕಿ ಬದಿಗೆ ಇಡಬಹುದು. ಅಷ್ಟರಲ್ಲಿ ಕಂಟೇನರ್ ಯಾರ್ಡಿನಲ್ಲಿ ನಿಂತಿರುತ್ತದೆ, ಬಾಡಿಗೆ ಏರುತ್ತಿರುತ್ತದೆ. ಅದಕ್ಕೇ ಹೇಳುವುದು, ಸಹಿ ಆಗುವ ಮೊದಲು ಡ್ರಾಫ್ಟ್ ತರಿಸಿ ಓದಿ.

ಮಾಲು ತನಿಖೆಯಲ್ಲಿ ಸಿಕ್ಕಿಕೊಂಡರೆ ಬಿಡಿಸಲು ದಾರಿ ಇದೆಯಾ?

ಇದೆ. ಪೂರ್ತಿ ಸುಂಕಕ್ಕೂ ರಿಯಾಯಿತಿ ಸುಂಕಕ್ಕೂ ಇರುವ ವ್ಯತ್ಯಾಸದಷ್ಟು ಭದ್ರತೆ ಕೊಟ್ಟರೆ ತಾತ್ಕಾಲಿಕವಾಗಿ ಬಿಡುತ್ತಾರೆ. ಹಣ ಅಷ್ಟು ಕಾಲ ಸಿಕ್ಕಿಕೊಂಡಿರುತ್ತದೆ ಅನ್ನುವುದನ್ನು ಸಣ್ಣ ವ್ಯಾಪಾರಿ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಹೋಟೆಲಿನ ಉದ್ದಿನ ಬೇಳೆ ಮ್ಯಾನ್ಮಾರಿನದ್ದು ಅಂತಾರೆ. ಅದಕ್ಕೂ ಸಾಫ್ಟಾ ಸರ್ಟಿಫಿಕೇಟ್ ಬೇಕಾ?

ಬೇಡ. ಮ್ಯಾನ್ಮಾರ್ ನಮಗೆ ಗಡಿ ತಾಗಿದ ದೇಶವೇ ಆದರೂ ಸಾರ್ಕ್ ಸದಸ್ಯ ಅಲ್ಲ, ಆಸಿಯಾನಿನಲ್ಲಿದೆ. ಮುಂಬಯಿಯ ಇಡ್ಲಿ, ದೋಸೆ, ವಡೆಗೆ ಹೋಗುವ ಉದ್ದಿನಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುವುದು. ಎರಡು ಸರಕಾರಗಳು 2021ರಲ್ಲಿ ಒಂದು ತಿಳಿವಳಿಕೆಗೆ ಬಂದವು: 2021–22ರಿಂದ ಐದು ವರ್ಷ, ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು, ಒಂದು ಲಕ್ಷ ಟನ್ ತೊಗರಿ. ಅದು ಸುಂಕದ ರಿಯಾಯಿತಿ ಆಗಿರಲಿಲ್ಲ, ಇಷ್ಟು ಕೊಳ್ಳುತ್ತೇವೆ ಅನ್ನುವ ಭರವಸೆ.

ಬೇಳೆ ಬೆಲೆ ಹತೋಟಿಯಲ್ಲಿಡಲು ಭಾರತ ಉದ್ದಿಗೆ ಎಲ್ಲ ದೇಶಗಳಿಗೂ ಸುಂಕ ತೆಗೆದು ಅವಧಿ ಮುಂದೂಡುತ್ತಾ ಬಂದಿದೆ. ಎಲ್ಲರಿಗೂ ಸೊನ್ನೆ ಇರುವಾಗ ನೆರೆಯವರಿಗೆ ಸೊನ್ನೆ ಅನ್ನುವುದರಲ್ಲಿ ವಿಶೇಷ ಏನೂ ಉಳಿಯುವುದಿಲ್ಲ. ಹಾಗಾಗಿ ರಿಯಾಯಿತಿ ಹುಡುಕುವ ಮೊದಲು ಸಾಮಾನ್ಯ ದರ ಎಷ್ಟು ಅಂತ ನೋಡಿ.

ಬಾಂಗ್ಲಾದೇಶದ ಬಟ್ಟೆ ನಾವಾ ಶೇವಾಕ್ಕೆ ಯಾಕೆ ಬರುತ್ತದೆ? ಕೋಲ್ಕತ್ತಾ ಹತ್ತಿರ ಅಲ್ವಾ?

ಹತ್ತಿರವೇ. ಲಾರಿಯಲ್ಲಿ ಬರುತ್ತಿತ್ತು ಕೂಡ. ಆದರೆ 2025ರ ಮೇ 17ರ ಅಧಿಸೂಚನೆಯಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪು ಯಾವ ಭೂಗಡಿಯಿಂದಲೂ ಬರುವ ಹಾಗಿಲ್ಲ ಅಂತಾಯಿತು. ನಾವಾ ಶೇವಾ, ಕೋಲ್ಕತ್ತಾ, ಈ ಎರಡು ಬಂದರುಗಳಿಂದ ಮಾತ್ರ. ಜೂನ್ 27ರಂದು ಹಲವು ಬಗೆಯ ಸೆಣಬಿನ ಮಾಲಿಗೆ ನಾವಾ ಶೇವಾ ಒಂದೇ ಬಾಗಿಲು ಅಂತಾಯಿತು. ಆಗಸ್ಟಿನಲ್ಲಿ ಇನ್ನಷ್ಟು ವಸ್ತುಗಳು ಆ ಪಟ್ಟಿಗೆ ಸೇರಿದವು. ಅಂದರೆ ಬಂಗಾಳದ ಗಡಿಯಾಚೆ ತಯಾರಾದ ಗೋಣಿ ಶ್ರೀಲಂಕಾ ಸುತ್ತಿ ಉರಣ್ ತಾಲೂಕಿನ ಬಂದರಿಗೆ ಬರಬೇಕು.

ಗಮನಿಸಿ, ಸುಂಕದ ರಿಯಾಯಿತಿ ತೆಗೆದಿಲ್ಲ. 2011ರಲ್ಲಿ ಭಾರತ ಹಿಂದುಳಿದ ನೆರೆ ದೇಶಗಳಿಗೆ ಮದ್ಯ, ತಂಬಾಕಿನ 25 ಬಾಬು ಬಿಟ್ಟು ಉಳಿದ ಎಲ್ಲಕ್ಕೂ ಸುಂಕ ತೆಗೆದಿತ್ತು. ಅದು ಹಾಗೇ ಇದೆ. ದಾರಿ ಮಾತ್ರ ಉದ್ದವಾಯಿತು. ಸುಂಕ ಸೊನ್ನೆ ಇದ್ದರೂ ದಾರಿ ಖರ್ಚು, ಕಾಯುವ ದಿನ ಸೇರಿದರೆ ರಿಯಾಯಿತಿ ಎಷ್ಟು ಉಳಿಯಿತು ಅಂತ ದಾದರಿನ ಬಟ್ಟೆ ವ್ಯಾಪಾರಿಯನ್ನು ಕೇಳಬೇಕು. ರಾಜಕೀಯ ಕಾರಣ ಏನೇ ಇರಲಿ, ಎರಡೂ ಕಡೆಯ ಸಣ್ಣವರಿಗೆ ಇದು ಭಾರ ಅಂತಲೇ ನನ್ನ ಅನಿಸಿಕೆ.

ಪಾಕಿಸ್ತಾನದ ಉತ್ತುತ್ತೆ, ಸೈಂಧವ ಲವಣ ದುಬೈಯಿಂದ ತರಿಸಬಹುದಾ?

ಆಗದು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯ ನಂತರ ಪಾಕಿಸ್ತಾನದ ಎಲ್ಲ ಮಾಲಿಗೂ ಶೇ 200 ಸುಂಕ ಹಾಕಿದರು. 2025ರ ಮೇ 2ರಿಂದ ಪೂರ್ತಿ ನಿಷೇಧ. ನೇರವಾಗಿಯೂ ಇಲ್ಲ, ಬೇರೆ ದೇಶದ ಮೂಲಕವೂ ಇಲ್ಲ. ಆ ವರ್ಷವೇ ಕಂದಾಯ ಗುಪ್ತಚರ ನಿರ್ದೇಶನಾಲಯ ನಾವಾ ಶೇವಾದಲ್ಲಿ 39 ಕಂಟೇನರ್, 1,115 ಟನ್ ಮಾಲು ಹಿಡಿಯಿತು. ದುಬೈಯ ಮಾಲು ಅಂತ ಕಾಗದ ಹೇಳುತ್ತಿತ್ತು. ಒಳಗಿದ್ದದ್ದು ಪಾಕಿಸ್ತಾನದ್ದು, ಅದರಲ್ಲಿ ಉತ್ತುತ್ತೆಯೂ ಇತ್ತು. ಯಾರಾದರೂ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಫೋನ್ ಇಟ್ಟುಬಿಡಿ.

ಸಾರ್ಕ್ ಸಭೆಯೇ ನಡೆಯುತ್ತಿಲ್ಲ. ಸಾಫ್ಟಾ ಇನ್ನೂ ಇದೆಯಾ?

ಇದೆ. ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ ಕಠ್ಮಂಡುವಿನಲ್ಲಿ. ಆದರೂ ಸುಂಕದ ಅಧಿಸೂಚನೆ ಜೀವಂತ ಇರುವ ತನಕ ರಿಯಾಯಿತಿ ಸಿಗುತ್ತದೆ. ಬೇಸರದ ಸಂಗತಿ ಬೇರೆ ಇದೆ. ವಿಶ್ವಬ್ಯಾಂಕಿನ 2018ರ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮೊಳಗಿನದು ಶೇ 5ರಷ್ಟು ಮಾತ್ರ. ಪೂರ್ವ ಏಷ್ಯಾದಲ್ಲಿ ಇದು ಅರ್ಧದಷ್ಟು. ಒಂದೇ ಕಂಪೌಂಡಿನ ಮನೆಯವರು ಹಿಟ್ಟು ಸಾಲ ಕೇಳಲೂ ಊರಾಚೆ ಹೋದ ಹಾಗೆ ಆಗಿದೆ ನಮ್ಮ ಕಥೆ.

ನಾವು ಇಲ್ಲಿಂದ ಕಳಿಸುವಾಗಲೂ ರಿಯಾಯಿತಿ ಇದೆಯಾ?

ಇದೆ. ನಿಮ್ಮ ಶ್ರೀಲಂಕಾದ ಗಿರಾಕಿಗೆ ದ್ವಿಪಕ್ಷೀಯ ಒಪ್ಪಂದದ ಸರ್ಟಿಫಿಕೇಟ್ ಬೇಕಾದರೆ ರಫ್ತು ತಪಾಸಣಾ ಮಂಡಳಿಯಿಂದ ತೆಗೆದುಕೊಳ್ಳಬೇಕು. ಈಗ ಅರ್ಜಿ ಆನ್‌ಲೈನ್. ಲೆಕ್ಕದ ಹಾಳೆ, ಇನ್‌ವಾಯ್ಸ್ ಸರಿ ಇದ್ದರೆ ಅಲೆದಾಟ ಇಲ್ಲ.

ಮೊದಲ ಸಲ ತರಿಸುತ್ತಿದ್ದೇನೆ. ಸುಂಕ ಬಿಟ್ಟು ಇನ್ನೇನು ನೋಡಬೇಕು?

ಆಮದು-ರಫ್ತು ಕೋಡ್ ಇರಬೇಕು. ತಿನ್ನುವ ಪದಾರ್ಥ ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಆಮದು ಲೈಸೆನ್ಸ್. ಲವಂಗ, ಜಾಯಿಕಾಯಿ, ದೊಡ್ಡ ಏಲಕ್ಕಿಯಂಥ ಗಿಡದ ಮಾಲು ಆದರೆ ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿ ಸಸ್ಯ ಸಂಗರೋಧ ತಪಾಸಣೆ. ಹುಳ ಕಂಡರೆ ಮೂಲದ ಸರ್ಟಿಫಿಕೇಟ್ ಎಷ್ಟೇ ಸರಿ ಇದ್ದರೂ ಮಾಲು ಹೊರಗೆ ಬರುವುದಿಲ್ಲ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದಿನ ಘೋಷಣಾ ಪತ್ರ) ಹಾಕುವಾಗಲೇ ಯಾವ ಅಧಿಸೂಚನೆಯಡಿ ರಿಯಾಯಿತಿ ಕೇಳುತ್ತೀರಿ ಅಂತ ನಂಬರ್ ಸಮೇತ ನಮೂದಿಸಬೇಕು. ಸಾಧ್ಯವಾದರೆ ಮೊದಲ ಆರ್ಡರಿಗೆ ಮುಂಚೆ ಒಮ್ಮೆ ಕೊಲಂಬೊಗೋ ಕಠ್ಮಂಡುವಿಗೋ ಹೋಗಿ, ಮಾಲು ಬೆಳೆಯುವ ಜಾಗ, ಒಣಗಿಸುವ ಕಣ ನೋಡಿ ಬನ್ನಿ. ಆಮೇಲೆ ಫಾರ್ಮ್ 1 ತುಂಬುವಾಗ ಯಾರನ್ನೂ ಕೇಳಬೇಕಾಗುವುದಿಲ್ಲ.